ಅಗಲದ ಮಾತು ಬೇರೆ, ಗೇಟಿನ ಮಾತು ಬೇರೆ: ಸೀ ರಾಂಚ್‌ನ ಖಾಸಗಿ ರಸ್ತೆಗಳ ಚರಿತ್ರೆ

ಹೋದ ಮಳೆಗಾಲದ ಕೊನೆಯಲ್ಲಿ ನಮ್ಮ ತಾಲ್ಲೂಕಿನ ಒಂದು ಗುಡ್ಡದ ಲೇಔಟಿಗೆ ಸುದ್ದಿ ಮಾಡಲು ಹೋಗಿದ್ದೆವು. ಸುದ್ದಿ ದೊಡ್ಡದೇನಲ್ಲ. ಗುಡ್ಡದ ಆಚೆ ಮಗ್ಗುಲಿನ ಊರಿನವರು ಹಳ್ಳಕ್ಕೂ ಅದರ ದಡದ ಚೌಡಿ ಬನಕ್ಕೂ ನಡೆದುಹೋಗುತ್ತಿದ್ದ ದಾರಿಗೆ ಗೇಟು ಬಿದ್ದಿತ್ತು. ಗೇಟಿನ ಮೇಲೆ ಎರಡು ಬೋರ್ಡು. ಒಂದರಲ್ಲಿ 'ಖಾಸಗಿ ರಸ್ತೆ', ಇನ್ನೊಂದರಲ್ಲಿ 'ಪರಿಸರ ಸೂಕ್ಷ್ಮ ಪ್ರದೇಶ, ಸಹಕರಿಸಿ'. ಎರಡಕ್ಕೂ ಒಂದೇ ಬಣ್ಣ, ಒಂದೇ ಅಕ್ಷರ. ಲೇಔಟಿನ ಮ್ಯಾನೇಜರು ಒಳ್ಳೆಯ ಮನುಷ್ಯ, ಟೀ ಕೊಡಿಸಿದರು. "ಸಾರ್, ಇದನ್ನ ಪಂಚಾಯ್ತಿಗೆ ಬಿಟ್ಟರೆ ಜೆಸಿಬಿ ತಂದು ಮೂವತ್ತಡಿ ಅಗಲ ಮಾಡ್ತಾರೆ, ಎರಡೂ ಕಡೆ ಕಾಂಕ್ರೀಟ್ ಚರಂಡಿ ಹೊಡೀತಾರೆ. ಗುಡ್ಡ ಉಳಿಯುತ್ತಾ, ನೀವೇ ಹೇಳಿ" ಅಂದರು. ಉತ್ತರ ತಕ್ಷಣ ಹೊಳೆಯಲಿಲ್ಲ. ಗೇಟಿನ ಹೊರಗೆ ಕಲ್ಲಿನ ಮೇಲೆ ಕೂತಿದ್ದ ಅಜ್ಜಿ, "ಗುಡ್ಡ ಉಳೀಲಿ ಮಗಾ, ನಾನು ಹೋಗೋದು ಎಲ್ಲಿ?" ಅಂದಾಗಲೂ ಹೊಳೆಯಲಿಲ್ಲ. ಎರಡು ಮಾತೂ ನಿಜವೇ ಅನ್ನಿಸಿತು.

ಸುದ್ದಿ ನಾಲ್ಕು ಸಾಲಿನಲ್ಲಿ ಒಳಪುಟದಲ್ಲಿ ಬಂತು. ಪ್ರಶ್ನೆ ಮಾತ್ರ ತಲೆಯಲ್ಲೇ ಉಳಿಯಿತು. ಪರಿಸರದ ಹೆಸರಿನಲ್ಲಿ ರಸ್ತೆಯನ್ನು ಖಾಸಗಿ ಮಾಡುವುದು ಎಲ್ಲಿಂದ ಶುರುವಾಯಿತು, ಅದಕ್ಕೆ ಕೊಟ್ಟ ಕಾರಣಗಳು ಎಷ್ಟು ದೂರ ನಿಲ್ಲುತ್ತವೆ ಎಂದು ಹುಡುಕುತ್ತ ಹೋದಾಗ ಸಿಕ್ಕಿದ್ದು ಅಮೆರಿಕದ ಕ್ಯಾಲಿಫೋರ್ನಿಯಾ ಕರಾವಳಿಯ ಸೀ ರಾಂಚ್. ನಮ್ಮ ಮ್ಯಾನೇಜರು ಹೇಳಿದ ಮಾತೂ ಅಜ್ಜಿ ಕೇಳಿದ ಮಾತೂ ಅಲ್ಲಿ 1960ರ ದಶಕದಲ್ಲೇ ಎದುರುಬದುರಾಗಿದ್ದವು. ಜಗಳ ಮುಗಿಯಲು ಹೆಚ್ಚುಕಡಿಮೆ ಹದಿನೈದು ವರ್ಷ ಹಿಡಿಯಿತು. ಆ ಜಗಳದ ಚರಿತ್ರೆಯೇ ಈ ಲೇಖನ.

ಖಾಸಗಿ ರಸ್ತೆ ಹೊಸದೇನಲ್ಲ. ಲಂಡನ್ನಿನ ಶ್ರೀಮಂತ ಎಸ್ಟೇಟುಗಳು ತಮ್ಮ ಬೀದಿಗಳಿಗೆ ಗೇಟು ಹಾಕಿ ಕಾವಲಿಟ್ಟಿದ್ದವು. ಅವನ್ನು ಕೀಳಿಸಲು 1890 ಮತ್ತು 1893ರಲ್ಲಿ ಪಾರ್ಲಿಮೆಂಟು ಕಾಯಿದೆಯನ್ನೇ ಮಾಡಬೇಕಾಯಿತು. ಅಮೆರಿಕದಲ್ಲಿ 1857ರಲ್ಲಿ ನ್ಯೂಜೆರ್ಸಿಯ ಲುವೆಲಿನ್ ಪಾರ್ಕ್ ಶುರುವಾಯಿತು: ಗುಡ್ಡದ ಓರೆಗೆ ಬಳಸಿಕೊಂಡು ಹೋಗುವ ರಸ್ತೆ, ನಡುವೆ ಸುಮಾರು 50 ಎಕರೆ ಕಾಡಿನಂಥ ಉದ್ಯಾನ, ಬಾಗಿಲಲ್ಲಿ ಗೇಟು. 1867ರ ಹೊತ್ತಿಗೆ ಸೇಂಟ್ ಲೂಯಿ ನಗರದಲ್ಲಿ ಬೆಂಟನ್ ಪ್ಲೇಸ್ ಎಂಬ ಖಾಸಗಿ ಬೀದಿ ಬಂತು. ಅಲ್ಲಿ ಕೊಟ್ಟ ಕಾರಣ ನೇರವಾದದ್ದು: ನಗರಸಭೆ ಬೀದಿ ನೋಡಿಕೊಳ್ಳುವುದಿಲ್ಲ, ಪಕ್ಕದಲ್ಲಿ ಕಾರ್ಖಾನೆ ಬಂದರೆ ತಡೆಯಲು ಕಾನೂನಿಲ್ಲ, ಆದ್ದರಿಂದ ಬೀದಿಯನ್ನು ನಾವೇ ಕೊಂಡುಕೊಳ್ಳುತ್ತೇವೆ. ಇವೆಲ್ಲ ಮನೆಯ ಏಕಾಂತದ, ಸೈಟಿನ ಬೆಲೆಯ ವಾದಗಳು. ನೆಲಕ್ಕಾಗಿ, ನೀರಿಗಾಗಿ, ಹುಲ್ಲಿಗಾಗಿ ರಸ್ತೆ ಖಾಸಗಿಯಾಗಿರಬೇಕು ಎಂಬ ವಾದ ಗಟ್ಟಿಯಾಗಿ ಕೇಳಿಸಿದ್ದು ನೂರು ವರ್ಷ ತಡವಾಗಿ.

ಸೀ ರಾಂಚ್ ಇರುವುದು ಸ್ಯಾನ್ ಫ್ರಾನ್ಸಿಸ್ಕೊ ನಗರದಿಂದ ಉತ್ತರಕ್ಕೆ, ಸೊನೋಮಾ ಕೌಂಟಿಯ ತುತ್ತತುದಿಯಲ್ಲಿ. ಕೌಂಟಿ ಅಂದರೆ ಸುಮಾರಾಗಿ ನಮ್ಮ ಜಿಲ್ಲೆ ಅಂದುಕೊಳ್ಳಿ. ಹತ್ತು ಮೈಲಿ ಉದ್ದದ ಸಮುದ್ರ ತೀರ, ಸುಮಾರು 5,200 ಎಕರೆ. ಕಡಲಿನ ಅಂಚಿಗೆ ಕಡಿದಾದ ದರೆ, ಅದರ ಮೇಲೆ ಹಾಸಿದಂತೆ ಹುಲ್ಲುಗಾವಲು, ಅದರಾಚೆ ಏರುವ ಕಾಡು. ಮೊದಲಿನಿಂದ ಅಲ್ಲಿದ್ದವರು ಕಶಾಯಾ ಪೋಮೊ ಎಂಬ ಮೂಲನಿವಾಸಿ ಜನ. ಕಡಲ ಚಿಪ್ಪುಜೀವಿ, ಕಡಲಪಾಚಿ ಆಯ್ದು ಬದುಕಿದವರು. 1812ರಲ್ಲಿ ದಕ್ಷಿಣಕ್ಕೆ ಸ್ವಲ್ಪ ದೂರದಲ್ಲಿ ರಷ್ಯನ್ನರು ಕೋಟೆ ಕಟ್ಟಿದರು, ಆಮೇಲೆ ಮೆಕ್ಸಿಕೊ ಸರ್ಕಾರ ಈ ನೆಲವನ್ನು ಜಹಗೀರಿನಂತೆ ಬರೆದುಕೊಟ್ಟಿತು, ಆಮೇಲೆ ಮರ ಕಡಿದರು, ಕೊನೆಗೆ ಕುರಿ ಮೇಯಿಸಿದರು. ಕುರಿಯವರ ಕಾಲದಲ್ಲಿ ಗಾಳಿ ತಡೆಯಲು ಸೈಪ್ರೆಸ್ ಮರಗಳನ್ನು ಸಮುದ್ರಕ್ಕೆ ಅಡ್ಡಲಾಗಿ ಸಾಲುಸಾಲಾಗಿ ನೆಟ್ಟಿದ್ದರು. ಮುಂದಿನ ಕತೆಗೆ ಈ ಮರದ ಸಾಲುಗಳು ಮುಖ್ಯ.

1963ರಲ್ಲಿ ಈ ಇಡೀ ಜಾಗವನ್ನು ಓಷಿಯಾನಿಕ್ ಪ್ರಾಪರ್ಟೀಸ್ ಎಂಬ ಕಂಪನಿ ಕೊಂಡಿತು. ಹವಾಯಿಯ ಕ್ಯಾಸಲ್ ಆಂಡ್ ಕುಕ್ ಕಂಪನಿಯ ಅಂಗಸಂಸ್ಥೆ ಅದು. ಯೋಜನೆಯ ಹೊಣೆ ಹೊತ್ತ ಆಲ್ ಬೋಕಿ ಸ್ವತಃ ವಾಸ್ತುಶಿಲ್ಪಿ. ಅವರು ಭೂದೃಶ್ಯ ವಿನ್ಯಾಸಕ ಲಾರೆನ್ಸ್ ಹಾಲ್ಪ್ರಿನ್ ಅವರನ್ನು ಕರೆತಂದರು. ಹಾಲ್ಪ್ರಿನ್ ಹುಡುಗರಾಗಿದ್ದಾಗ ಇಂದಿನ ಇಸ್ರೇಲಿನ ಕಿಬುತ್ಸ್ ಒಂದರಲ್ಲಿ, ಅಂದರೆ ಎಲ್ಲರೂ ಒಟ್ಟಾಗಿ ದುಡಿದು ಉಣ್ಣುವ ಹಳ್ಳಿಯಲ್ಲಿ ಇದ್ದು ಬಂದವರು. ನಕ್ಷೆ ಎಳೆಯುವ ಮೊದಲು ಅವರ ತಂಡ ಗಾಳಿ ಯಾವ ದಿಕ್ಕಿಂದ ಬೀಸುತ್ತದೆ, ನೀರು ಎಲ್ಲಿ ಇಂಗುತ್ತದೆ, ಎಲ್ಲಿ ಹರಿಯುತ್ತದೆ, ಬಿಸಿಲು ಎಲ್ಲಿ ನಿಲ್ಲುತ್ತದೆ ಎಂದು ಅಳೆಯಿತು. ಈಗ ಇದು ಮಾಮೂಲಿ ಅನ್ನಿಸಬಹುದು. ಆ ಕಾಲದ ಅಮೆರಿಕದಲ್ಲಿ ಬಡಾವಣೆ ಅಂದರೆ ಬುಲ್ಡೋಜರು ತಂದು ಮಟ್ಟ ಮಾಡಿ ಚೌಕ ಎಳೆಯುವುದೇ ಆಗಿತ್ತು.

ಹಾಲ್ಪ್ರಿನ್ ಲೆಕ್ಕ ಹೀಗಿತ್ತು: ಮನೆಗಳು ಸೈಪ್ರೆಸ್ ಸಾಲುಗಳ ಬುಡಕ್ಕೆ ಗುಂಪಾಗಿ ಒತ್ತಿಕೊಂಡಿರಲಿ, ನಡುವಿನ ಹುಲ್ಲುಗಾವಲು ಯಾರಿಗೂ ಸೇರದೆ ಎಲ್ಲರಿಗೂ ಸೇರಿರಲಿ. ಹೆಚ್ಚುಕಡಿಮೆ ಅರ್ಧ ನೆಲ ಹೀಗೆ ಸಾಮೂಹಿಕವಾಗಿ ಉಳಿಯಬೇಕು. ಬೀದಿದೀಪ ಬೇಡ. ಕಂಬ, ತಂತಿ ಬೇಡ, ಎಲ್ಲ ನೆಲದಡಿಗೆ ಹೋಗಲಿ. ಕಾರುಗಳು ಕಣ್ಣಿಗೆ ಬೀಳಬಾರದು. ರಸ್ತೆಗೆ ಕಟ್ಟೆಯಂಚು, ಕಾಲುಹಾದಿಯ ಕಲ್ಲುಹಾಸು ಯಾವುದೂ ಬೇಡ, ಡಾಂಬರಿನ ಪಟ್ಟಿ ಹುಲ್ಲಿನೊಳಗೆ ಹಾಗೇ ಕರಗಬೇಕು. 1965ರಲ್ಲಿ ಮೊದಲ ಕಟ್ಟಡ ಎದ್ದಿತು. ಮೂರ್, ಲಿಂಡನ್, ಟರ್ನ್‌ಬುಲ್, ವಿಟೇಕರ್ ಎಂಬ ನಾಲ್ವರ ತಂಡ ಕಟ್ಟಿದ ಹತ್ತು ಮನೆಗಳ ಮರದ ಗುಂಪು ಅದು. ಹಳೆಯ ಕೊಟ್ಟಿಗೆಯ ಹಾಗೆ ಬಣ್ಣ ಬಳಿಯದೆ ಮಳೆಬಿಸಿಲಿಗೆ ಬಿಟ್ಟ ಹಲಗೆಗಳು. ವಾಸ್ತುಶಿಲ್ಪದ ಪುಸ್ತಕಗಳಲ್ಲಿ ಅದರ ಚಿತ್ರ ಇಂದಿಗೂ ಬರುತ್ತದೆ. ರಸ್ತೆಯ ಚಿತ್ರ ಯಾರೂ ಹಾಕುವುದಿಲ್ಲ, ನಮಗೆ ಬೇಕಾದದ್ದು ರಸ್ತೆ.

ರಸ್ತೆ ಯಾಕೆ ಖಾಸಗಿಯಾಗಬೇಕಿತ್ತು? ಸರ್ಕಾರ ಒಂದು ರಸ್ತೆಯನ್ನು ತನ್ನದೆಂದು ವಹಿಸಿಕೊಳ್ಳಬೇಕಾದರೆ ಅದು ಸರ್ಕಾರಿ ಅಳತೆಗೆ ಹೊಂದಬೇಕು. ನಮ್ಮಲ್ಲೂ ಹಾಗೆಯೇ. ಅಮೆರಿಕದ ಸಂಚಾರ ಎಂಜಿನಿಯರುಗಳ ಸಂಸ್ಥೆ 1965ರಲ್ಲಿ, ಅಂದರೆ ಆ ಮರದ ಮನೆಗಳು ಎದ್ದ ವರ್ಷವೇ, ಬಡಾವಣೆಯ ಒಳರಸ್ತೆಗಳಿಗೆ ಶಿಫಾರಸು ಮಾಡಿದ ಅಳತೆ ನೋಡಿ: ಒಟ್ಟು ಜಾಗ ಕನಿಷ್ಠ 60 ಅಡಿ, ಅದರಲ್ಲಿ ಡಾಂಬರು 32ರಿಂದ 34 ಅಡಿ. ನಾವು ಪೆನ್ಸಿಲ್ ಹಿಡಿದು ಲೆಕ್ಕ ಹಾಕಿದೆವು. 60 ಅಡಿಯ ಒಂದು ಮೈಲಿ ರಸ್ತೆಗೆ ಏಳೂಕಾಲು ಎಕರೆ ಹೋಗುತ್ತದೆ. 33 ಅಡಿ ಡಾಂಬರಿಗೇ ಸರಿಯಾಗಿ ನಾಲ್ಕು ಎಕರೆ. ಆ ನಾಲ್ಕು ಎಕರೆ ಕಪ್ಪು ನೆಲದ ಮೇಲೆ ಒಂದಿಂಚು ಮಳೆ ಸುರಿದರೆ ನಾಲ್ಕು ಲಕ್ಷ ಲೀಟರಿಗೂ ಹೆಚ್ಚು ನೀರು, ಇಂಗಲು ಜಾಗವಿಲ್ಲದೆ ಚರಂಡಿ ಸೇರುತ್ತದೆ. ಚರಂಡಿ ಅದನ್ನು ಒಟ್ಟುಗೂಡಿಸಿ ಒಂದೇ ಕಡೆ ಉಗುಳುತ್ತದೆ. ಉಗುಳಿದ ಕಡೆ ಕೊರಕಲು ಬೀಳುತ್ತದೆ. ಗುಡ್ಡದ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಮೋರಿ ಬಾಯಿಯ ಕೆಳಗಿನ ತೋಟ ಏನಾಗುತ್ತದೆಂದು ಎಲ್ಲರೂ ಕಂಡದ್ದೇ. ಸಮುದ್ರದ ದರೆಯ ಮೇಲಾದರೆ ಆ ಕೊರಕಲು ದರೆಯನ್ನೇ ತಿನ್ನುತ್ತದೆ. ಅದೇ ರಸ್ತೆ 20 ಅಡಿಯದಾದರೆ ಮೈಲಿಗೆ ಡಾಂಬರು ಎರಡೂವರೆ ಎಕರೆಯೊಳಗೇ ಮುಗಿಯಿತು. ಕಟ್ಟೆಯಂಚು ಇಲ್ಲದಿದ್ದರೆ ನೀರು ಉದ್ದಕ್ಕೂ ಹರಡಿ ಹುಲ್ಲಿಗೆ ಇಳಿಯುತ್ತದೆ.

ಆದ್ದರಿಂದ ಹಗುರವಾದ ರಸ್ತೆ ಬೇಕೆಂದರೆ ಅದನ್ನು ಸರ್ಕಾರಕ್ಕೆ ಒಪ್ಪಿಸದೆ ನಾವೇ ಇಟ್ಟುಕೊಳ್ಳಬೇಕು ಎಂಬುದು ಇಂಥ ಬಡಾವಣೆಗಳ ವಾದ. ಸೀ ರಾಂಚಿನ ರಸ್ತೆಗಳು ಅಲ್ಲಿನ ನಿವೇಶನದಾರರ ಸಂಘದ ಆಸ್ತಿ, ದುರಸ್ತಿ ಖರ್ಚು ಸಂಘದ ವಂತಿಗೆಯಿಂದ. ನಡುವೆ ಹಾದುಹೋಗುವ ರಾಜ್ಯದ ಒಂದನೇ ಹೆದ್ದಾರಿ ಮಾತ್ರ ಸರ್ಕಾರದ್ದು. ಇಷ್ಟರ ಮಟ್ಟಿಗೆ ವಾದದಲ್ಲಿ ನಮಗೆ ಹುಳುಕು ಕಾಣುವುದಿಲ್ಲ. ನಮ್ಮ ಮ್ಯಾನೇಜರು ಜೆಸಿಬಿಯ ಬಗ್ಗೆ ಹೇಳಿದ್ದೂ ಇದೇ, ಅದರಲ್ಲಿ ಸುಳ್ಳಿಲ್ಲ.

ತೊಡಕು ಬಂದದ್ದು ಬೇರೆ ಕಡೆಯಿಂದ. ಕ್ಯಾಲಿಫೋರ್ನಿಯಾದಲ್ಲಿ ಭರತದ ಗೆರೆಯಿಂದ ಕೆಳಗಿನ ತೀರ ಜನರದ್ದು. ನೀರಿಗೆ ಹೋಗುವ ಜನರ ಹಾದಿಗೆ ಯಾರೂ ಅಡ್ಡ ಬರಬಾರದೆಂಬ ಮಾತು 1879ರ ರಾಜ್ಯ ಸಂವಿಧಾನದಲ್ಲೇ ಇದೆ. ಕುರಿಗಾವಲಾಗಿದ್ದಾಗ ಜನ ಈ ತೀರಕ್ಕೆ ಬಂದುಹೋಗುತ್ತಿದ್ದರು. ಈಗ ಹೆದ್ದಾರಿಗೂ ಸಮುದ್ರಕ್ಕೂ ನಡುವೆ ಹತ್ತು ಮೈಲಿ ಉದ್ದಕ್ಕೂ ಖಾಸಗಿ ರಸ್ತೆ, ಖಾಸಗಿ ಹುಲ್ಲುಗಾವಲು. ಮರಳು ನಿಮ್ಮದೇ, ಆದರೆ ಅಲ್ಲಿಗೆ ಹೋಗಲು ಹಾರಿ ಬರಬೇಕು. ಕಂಪನಿ ಉತ್ತರದ ತುದಿಯಲ್ಲಿ, ಗುವಾಲಾಲ ನದಿ ಸಮುದ್ರ ಸೇರುವಲ್ಲಿ ಉದ್ಯಾನಕ್ಕೆಂದು ಸುಮಾರು 140 ಎಕರೆ ಬಿಟ್ಟುಕೊಡಲು ಒಪ್ಪಿತು. ಕೌಂಟಿಯ ಆಡಳಿತ ಮಂಡಳಿ ಇಷ್ಟು ಸಾಕು ಅಂದಿತು.

ಸಾಲದು ಅಂದವರ ಮುಂಚೂಣಿಯಲ್ಲಿ ಬಿಲ್ ಕೋರ್ಟಮ್ ಇದ್ದರು. ಪೆಟಲೂಮಾ ಊರಿನ ಪಶುವೈದ್ಯ, ದನಕರುಗಳ ಡಾಕ್ಟರು. ಅದಕ್ಕೂ ಮುಂಚೆ ಅದೇ ಕೌಂಟಿಯ ಬೊಡೇಗಾ ಹೆಡ್ ಎಂಬಲ್ಲಿ, ಭೂಕಂಪದ ಬಿರುಕಿನ ಮೇಲೆಯೇ ಅಣುಸ್ಥಾವರ ಕಟ್ಟಲು ಹೊರಟಾಗ ವಿರೋಧಿಸಿದವರಲ್ಲಿ ಅವರೂ ಒಬ್ಬರು. ಆ ಯೋಜನೆ 1964ರಲ್ಲಿ ಬಿದ್ದುಹೋಯಿತು. ಈಗ ತೀರದ ದಾರಿಗಾಗಿ ಸಂಘಟನೆ ಕಟ್ಟಿ, ಸೀ ರಾಂಚಿನೊಳಗೆ ಜನರಿಗೆ ದಾರಿ ಬಿಡಬೇಕೆಂಬ ಪ್ರಸ್ತಾವವನ್ನು 1968ರಲ್ಲಿ ಕೌಂಟಿಯ ಮತದಾರರ ಮುಂದಿಟ್ಟರು. ಸೋತರು.

ಜಿಲ್ಲೆಯಲ್ಲಿ ಸೋತವರು ರಾಜ್ಯಕ್ಕೆ ಹೋದರು. ನಾಲ್ಕು ವರ್ಷದ ಓಡಾಟದ ನಂತರ 1972ರ ನವೆಂಬರಿನಲ್ಲಿ ಕರಾವಳಿ ರಕ್ಷಣೆಯ 20ನೇ ಪ್ರಸ್ತಾವ ರಾಜ್ಯದ ಮತಕ್ಕೆ ಬಂತು, ಶೇಕಡ 55ರಷ್ಟು ಮತ ಪಡೆದು ಗೆದ್ದಿತು. ಕರಾವಳಿ ಆಯೋಗ ಹುಟ್ಟಿತು. 1976ರಲ್ಲಿ ಅದಕ್ಕೆ ಕಾಯಂ ಕಾಯಿದೆ ಸಿಕ್ಕಿತು. ತಮಾಷೆ ಎಂದರೆ, ಪರಿಸರದ ಮೇಲ್ಪಂಕ್ತಿ ಎಂದು ಹೊಗಳಿಸಿಕೊಂಡ ಬಡಾವಣೆಯೇ ಆ ರಾಜ್ಯದ ಕರಾವಳಿ ಕಾಯಿದೆ ಹುಟ್ಟಲು ಒಂದು ದೊಡ್ಡ ಕಾರಣವಾಯಿತು.

ಮುಂದಿನ ಎಂಟು ವರ್ಷ ಕೆಟ್ಟ ಕಾಲ. ಆಯೋಗ ಹೇಳಿತು: ಇನ್ನು ಮನೆ ಕಟ್ಟಬೇಕಾದರೆ ನಮ್ಮ ಪರವಾನಗಿ ಬೇಕು, ಪರವಾನಗಿ ಬೇಕಾದರೆ ಸಾರ್ವಜನಿಕರಿಗೆ ತೀರಕ್ಕೆ ದಾರಿ ಬಿಡಬೇಕು. ಕೇಳಲು ನ್ಯಾಯವಾಗಿದೆ. ಆದರೆ ಅರ್ಜಿ ಹಾಕಿದವನು ಒಂದು ಸೈಟಿನ ಒಡೆಯ. ದಾರಿ ಬಿಡಬೇಕಾದ ರಸ್ತೆ, ಹುಲ್ಲುಗಾವಲು ಅವನದ್ದಲ್ಲ, ಸಂಘದ್ದು. ತನ್ನದಲ್ಲದ ನೆಲವನ್ನು ಅವನು ಹೇಗೆ ಬಿಟ್ಟುಕೊಟ್ಟಾನು? ಸಂಘ ಒಪ್ಪಲಿಲ್ಲ. ಜೀವಮಾನದ ಉಳಿತಾಯ ಹಾಕಿ ಸೈಟು ಕೊಂಡವರು ನಕ್ಷೆ ಕೈಯಲ್ಲಿ ಹಿಡಿದು ವರ್ಷಗಟ್ಟಲೆ ಕೂತರು. ಖಾಸಗಿ ರಸ್ತೆಯ ಈ ಗುಣವನ್ನು ನಾವು ಮೊದಲು ಗಮನಿಸಿರಲಿಲ್ಲ. ಸರ್ಕಾರಿ ರಸ್ತೆಯ ಮೇಲೆ ತಕರಾರಿದ್ದರೆ ಹೋಗಿ ಕೇಳಲು ಒಂದು ಕಚೇರಿಯಿದೆ. ಸಂಘದ ರಸ್ತೆಯಲ್ಲಿ ಒಬ್ಬೊಬ್ಬನೂ ಒಡೆಯ, ಆದರೆ ಒಬ್ಬನಿಗೂ ಅಧಿಕಾರವಿಲ್ಲ. ಹೊರಗಿನವನನ್ನು ತಡೆಯಲು ಮಾಡಿದ ಏರ್ಪಾಡು ಕೊನೆಗೆ ಒಳಗಿನವನ ಕೈಯನ್ನೇ ಕಟ್ಟಿತು. ಜಗಳ ಕೋರ್ಟಿಗೂ ಹೋಯಿತು.

1980ರಲ್ಲಿ ರಾಜ್ಯದ ಶಾಸನಸಭೆ ನಡುವೆ ಬಂದು, ಮಂಡಿಸಿದ ಶಾಸಕರ ಹೆಸರಿನಿಂದ ಬೇನ್ ಮಸೂದೆ ಎನ್ನಿಸಿಕೊಂಡ ರಾಜಿ ಕಾನೂನನ್ನು ಮಾಡಿತು. ಸಂಘ ಹೆದ್ದಾರಿಯಿಂದ ತೀರಕ್ಕೆ ಐದು ಕಾಲುದಾರಿ ಬಿಡಬೇಕು, ಉತ್ತರದ ಉದ್ಯಾನದಿಂದ ದರೆಯಂಚಿನಲ್ಲಿ ಒಂದು ನಡಿಗೆಯ ದಾರಿ ಬಿಡಬೇಕು, ಹೆದ್ದಾರಿಯಲ್ಲಿ ಹೋಗುವವರಿಗೆ ಸಮುದ್ರ ಕಾಣುವಂತೆ ಕೆಲವೆಡೆ ನೋಟಕ್ಕೆ ಅಡ್ಡಿಯಿರಬಾರದು. ಬದಲಿಗೆ ಸಂಘಕ್ಕೆ 5 ಲಕ್ಷ ಡಾಲರು, ಮನೆ ಕಟ್ಟುವವರಿಗೆ ಆ ಷರತ್ತಿನಿಂದ ಬಿಡುಗಡೆ. ಮೊದಲು 5,200 ಮನೆಗಳಿಗೆ ಹಾಕಿದ್ದ ಯೋಜನೆ ಈ ಎಲ್ಲ ಗದ್ದಲದಲ್ಲಿ ಅರ್ಧಕ್ಕೂ ಕೆಳಗಿಳಿಯಿತು.

ಈ ರಾಜಿಯಲ್ಲಿ ಯಾವುದು ಬದಲಾಯಿತು, ಯಾವುದು ಬದಲಾಗಲಿಲ್ಲ ಎಂಬುದೇ ನಮ್ಮ ಮಟ್ಟಿಗೆ ಇಡೀ ಚರಿತ್ರೆಯ ತಿರುಳು. ರಸ್ತೆಗಳು ಖಾಸಗಿಯಾಗಿಯೇ ಉಳಿದವು. ಅಗಲವಾಗಲಿಲ್ಲ, ದೀಪ ಬರಲಿಲ್ಲ, ಕಟ್ಟೆಯಂಚು ಬರಲಿಲ್ಲ. ನಡೆಯುವವರಿಗೆ ದಾರಿ ಬಂತು. ಹದಿನೈದು ವರ್ಷ ಒಂದೇ ಮಾತೆಂದು ಜಗಳವಾಡಿದ್ದು ನಿಜವಾಗಿ ಎರಡು ಮಾತಾಗಿತ್ತು. ಅಗಲದ ವಿಷಯ ನೀರು, ಮಣ್ಣು, ಹುಲ್ಲಿಗೆ ಸೇರಿದ್ದು. ಗೇಟಿನ ವಿಷಯ ಮನುಷ್ಯರಿಗೆ ಸೇರಿದ್ದು. ಕಿರಿದಾದ ರಸ್ತೆ ಬೇಕು ಎಂಬುದಕ್ಕೆ ಕೊಟ್ಟ ಕಾರಣಗಳಲ್ಲಿ ಒಂದಾದರೂ ಗೇಟು ಬೇಕು ಎಂಬುದಕ್ಕೆ ಕಾರಣವಲ್ಲ. ಮಲೆನಾಡಿನ ತೋಟದ ಬಾಯಲ್ಲಿ ಉಣುಗೋಲು ಇರುತ್ತದಲ್ಲ, ದನ ನುಗ್ಗದ ಹಾಗೆ, ಆಳು ದಾಟುವ ಹಾಗೆ. ಅಷ್ಟರ ವಿಷಯ.

ಕಿರಿದಾದ ರಸ್ತೆಗೆ ಖಾಸಗಿತನವೇ ಬೇಕೆಂಬ ಮೊದಲ ವಾದವೂ ಆಮೇಲೆ ಅಲುಗಾಡಿತು. 1991ರಲ್ಲಿ ಆರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್ ನಗರ ತನ್ನ ಅಳತೆಯನ್ನೇ ಬದಲಿಸಿ, ವಸತಿ ಬೀದಿಗಳು 20 ಅಥವಾ 26 ಅಡಿ ಇದ್ದರೂ ಸರ್ಕಾರಿ ಬೀದಿಗಳೇ ಎಂದಿತು. ಅಂದರೆ ಕೆಟ್ಟದ್ದು ಸರ್ಕಾರಿ ಒಡೆತನವಲ್ಲ, ಸರ್ಕಾರಿ ಅಳತೆ. ಅಳತೆ ತಿದ್ದಬಹುದು. ಹಾಗೆಯೇ ಖಾಸಗಿ ಅಂದ ಮಾತ್ರಕ್ಕೆ ಎಲ್ಲದರಿಂದ ತಪ್ಪಿಸಿಕೊಳ್ಳಲೂ ಆಗುವುದಿಲ್ಲ. 1991ರಿಂದಲೇ ಕ್ಯಾಲಿಫೋರ್ನಿಯಾದ ಕಾಡ್ಗಿಚ್ಚಿನ ಪ್ರದೇಶಗಳ ಹೊಸ ರಸ್ತೆಗಳಿಗೆ, ಖಾಸಗಿಯಾದರೂ ಸರಿ, ಅಗ್ನಿಶಾಮಕದ ಕನಿಷ್ಠ ಅಳತೆಗಳಿವೆ. ಹುಲ್ಲು ಉಳಿಸಲು ಕಿರಿದು ಮಾಡಿದ ರಸ್ತೆಯಲ್ಲೇ ಬೆಂಕಿ ಬಂದಾಗ ಜನ ಓಡಬೇಕು, ಎದುರಿನಿಂದ ಬೆಂಕಿ ಗಾಡಿ ಬರಬೇಕು. 2017ರ ಅಕ್ಟೋಬರಿನಲ್ಲಿ ಇದೇ ಕೌಂಟಿಯ ಸಾಂಟಾ ರೋಸಾ ನಗರ ಸುಟ್ಟದ್ದನ್ನು ಕಂಡವರಿಗೆ ಇದು ಬರೀ ನಿಯಮದ ಮಾತಾಗಿ ಉಳಿಯಲಿಲ್ಲ. ಸೀ ರಾಂಚಿನಲ್ಲಿ ಈಗ ಒಣಹುಲ್ಲು ಕಡಿಮೆ ಮಾಡಲು ಮತ್ತೆ ಕುರಿ ಮೇಯಿಸುತ್ತಾರೆ.

ದುಡ್ಡಿನ ಕಾರಣವನ್ನೂ ಬಿಡುವಂತಿಲ್ಲ. 1978ರಲ್ಲಿ ಕ್ಯಾಲಿಫೋರ್ನಿಯಾದ ಮತದಾರರು ಆಸ್ತಿ ತೆರಿಗೆಗೆ ಶೇಕಡ 1ರ ಮಿತಿ ಹಾಕಿದರು. ಸ್ಥಳೀಯ ಸಂಸ್ಥೆಗಳ ಕೈ ಬರಿದಾಯಿತು. ಹೊಸ ಬಡಾವಣೆಯವರು "ರಸ್ತೆ ನಾವೇ ನೋಡಿಕೊಳ್ಳುತ್ತೇವೆ" ಅಂದರೆ ಬೇಡ ಅನ್ನುವ ಕೌಂಟಿ ಯಾವುದಿತ್ತು? ಅಲ್ಲಿಂದಾಚೆಗೆ ಬಂದ ಖಾಸಗಿ ರಸ್ತೆಗಳಲ್ಲಿ ಪರಿಸರ ಎಷ್ಟು, ಖಜಾನೆ ಎಷ್ಟು ಎಂದು ಬಿಡಿಸುವುದು ಕಷ್ಟ.

ಕಶಾಯಾ ಜನರ ಕತೆ ಇಷ್ಟರಲ್ಲಿ ಎಲ್ಲಿ ಹೋಯಿತು ಎಂದು ನೀವು ಕೇಳಬಹುದು. ಕರಾವಳಿ ಆಯೋಗ, ಸಂಘ, ಕೋರ್ಟು ಇವುಗಳ ಜಗಳ ನಡೆಯುವಾಗ ಅವರು ತೀರದಿಂದ ಒಳಗೆ, ಗುಡ್ಡದ ಮೇಲಿನ ಒಂದು ತುಂಡು ಭೂಮಿಯಲ್ಲಿದ್ದರು, ಕಡಲಿಗೆ ಇಳಿಯಬೇಕಾದರೆ ಇನ್ನೊಬ್ಬರ ನೆಲ ದಾಟಬೇಕಿತ್ತು. 2015ರಲ್ಲಿ ಸೀ ರಾಂಚಿನ ದಕ್ಷಿಣಕ್ಕೆ ಒಂದು ಹಳೆಯ ರಾಂಚಿನ ಸುಮಾರು 700 ಎಕರೆ ಕಡಲಂಚಿನ ಭೂಮಿ ಅವರ ಕೈಗೆ ಮರಳಿತು. ಆ ವ್ಯವಸ್ಥೆಯಲ್ಲಿ ದರೆಯ ಮೇಲೆ ಸಾರ್ವಜನಿಕರು ನಡೆಯಲು ಕರಾವಳಿ ದಾರಿಗೂ ಜಾಗ ಬಿಟ್ಟಿದೆ. ನೂರೈವತ್ತು ವರ್ಷ ದಾರಿ ಕಳೆದುಕೊಂಡವರು ನೆಲ ಸಿಕ್ಕಾಗ ದಾರಿ ಬಿಟ್ಟರು. ಇದರ ಬಗ್ಗೆ ನಾವು ಹೆಚ್ಚು ಹೇಳಹೋಗುವುದಿಲ್ಲ.

ಬ್ಲಾಕ್ ಪಾಯಿಂಟ್, ಪೆಬಲ್ ಬೀಚ್, ಸ್ಟೆಂಗಲ್ ಬೀಚ್, ಶೆಲ್ ಬೀಚ್, ವಾಕ್ ಆನ್ ಬೀಚ್: ಐದು ದಾರಿಗಳ ಹೆಸರು ಇವು. ಹೆದ್ದಾರಿ ಪಕ್ಕ ಕೆಲವೇ ಕಾರು ನಿಲ್ಲುವಷ್ಟು ಜಾಗ, ಅಲ್ಲಿಂದ ಕಾಲುದಾರಿ. ನೋಡಿಕೊಳ್ಳುವುದು ಕೌಂಟಿಯ ಉದ್ಯಾನ ಇಲಾಖೆ. ಬಂದವರು ಆ ದಾರಿ ಬಿಟ್ಟು ಬಡಾವಣೆಯ ರಸ್ತೆಗೆ ಇಳಿಯುವಂತಿಲ್ಲ.

ನಮ್ಮ ಗುಡ್ಡಕ್ಕೆ ಬರೋಣ. ಇಲ್ಲಿ ಸಂವಿಧಾನ ತಿದ್ದಬೇಕಿಲ್ಲ, ಮತಕ್ಕೆ ಹಾಕಬೇಕಿಲ್ಲ. ಊರಿನ ನಕಾಶೆಯಲ್ಲಿ ಕಾಲುದಾರಿಗೆ ಒಂಟಿ ಚುಕ್ಕೆಗೆರೆ, ಬಂಡಿದಾರಿಗೆ ಜೋಡಿ ಚುಕ್ಕೆಗೆರೆ ಇರುತ್ತದೆ. ಸಾರ್ವಜನಿಕ ಉಪಯೋಗಕ್ಕೆ ಬಿಟ್ಟ ನೆಲ 'ಬಿ' ಖರಾಬು ಎಂದು ದಾಖಲೆಯಲ್ಲಿ ನಿಂತಿರುತ್ತದೆ, ಸುತ್ತಲಿನ ಜಮೀನು ಮಾರಿದರೂ ಅದು ಮಾರಾಟಕ್ಕೆ ಸೇರುವುದಿಲ್ಲ. ಮ್ಯಾನೇಜರ ರಸ್ತೆ ಹನ್ನೆರಡಡಿಯೇ ಇರಲಿ, ಚರಂಡಿ ಹೊಡೆಯದಿದ್ದರೆ ಒಳ್ಳೆಯದೇ. ಅಜ್ಜಿ ನಡೆಯುತ್ತಿದ್ದ ಜಾಗದಲ್ಲಿ ಚುಕ್ಕೆಗೆರೆ ಇದೆಯೋ ಇಲ್ಲವೋ ಅಷ್ಟು ಗೊತ್ತಾಗಬೇಕು. ಇದನ್ನು ಅವರಿಗೆ ಹೇಳಿದಾಗ, "ನಕಾಶೆ ನೋಡೋಕೆ ನಂಗೆ ಕಣ್ಣು ಕಾಣಲ್ಲ, ನೀವೇ ನೋಡ್ಕಂಡು ಬನ್ನಿ" ಅಂದರು. ಭೂಮಾಪನ ಕಚೇರಿಯಲ್ಲಿ ನಕಲಿಗೆ ಅರ್ಜಿ ಹಾಕಿ, ಶುಲ್ಕ ಕಟ್ಟಿ, ರಸೀದಿ ಇಟ್ಟುಕೊಂಡಿದ್ದೇವೆ. ಎರಡು ಸಲ ಹೋಗಿ ಬಂದೆವು. ಮುಂದಿನ ಸೋಮವಾರ ಬನ್ನಿ ಎಂದಿದ್ದಾರೆ.